'ಪ್ಲೇಯಿಂಗ್ ಸ್ವಿಂಗ್' ಯಾಕೆ ತಪ್ಪು? ಮಕ್ಕಳ ಆಟವನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆ

ಪ್ರಶ್ನೆ: ನನ್ನ ಮಗಳು ನಾಲ್ಕನೇ ಕ್ಲಾಸು. ಇಂಗ್ಲಿಷ್ ಟೆಸ್ಟಿನಲ್ಲಿ ಒಂದು ಪಾರ್ಕಿನ ಚಿತ್ರ ಕೊಟ್ಟು, ನೋಡಿ ಆರು ವಾಕ್ಯ ಬರೆಯಿರಿ ಅಂದಿದ್ದರು. ಅವಳು ಬರೆದದ್ದು ಹೀಗೆ: 'ಚಿಲ್ಡ್ರನ್ ಆರ್ ಪ್ಲೇಯಿಂಗ್ ಇನ್ ದ ಗ್ರೌಂಡ್. ಒನ್ ಗರ್ಲ್ ಈಸ್ ಪ್ಲೇಯಿಂಗ್ ಸ್ವಿಂಗ್. ಒನ್ ಬಾಯ್ ಈಸ್ ಪ್ಲೇಯಿಂಗ್ ಸ್ಲೈಡ್. ಟೂ ಬಾಯ್ಸ್ ಆರ್ ಲೀವಿಂಗ್ ಕೈಟ್. ಎ ಡಾಗ್ ಈಸ್ ರನ್ನಿಂಗ್ ಬಿಹೈಂಡ್ ಎ ಬಾಯ್. ಆಲ್ ಆರ್ ಎಂಜಾಯಿಂಗ್.' ಆರಕ್ಕೆ ಆರೂ ವಾಕ್ಯದ ಕೆಳಗೆ ಕೆಂಪು ಗೆರೆ. ಯಾಕೆ ಅಂತ ಬರೆದಿಲ್ಲ. ಅವಳು ಕೇಳಿದರೆ ನನಗೂ ಹೇಳಲು ಗೊತ್ತಾಗಲಿಲ್ಲ. ಎಲ್ಲಿ 'ಪ್ಲೇ' ಹಾಕಬೇಕು, ಎಲ್ಲಿ ಬೇರೆ ಕ್ರಿಯಾಪದ? 'ಇನ್', 'ಆನ್', 'ಅಟ್', 'ವಿತ್' ಇವುಗಳಲ್ಲಿ ಯಾವುದು ಎಲ್ಲಿ? ಲಗೋರಿ, ಕುಂಟೆಬಿಲ್ಲೆ ಇವಕ್ಕೆ ಇಂಗ್ಲಿಷಿನಲ್ಲಿ ಏನು ಹೇಳೋದು?
(ಒಬ್ಬ ತಾಯಿ, ಹಾಸನ)

ಉತ್ತರ: ನಿಮ್ಮ ಮಗಳ ಆರು ವಾಕ್ಯ ಓದಿದ ಯಾವ ಕನ್ನಡದವರಿಗೂ ಆ ಪಾರ್ಕು ಕಣ್ಣಿಗೆ ಕಟ್ಟುತ್ತದೆ. ಯಾಕಂದ್ರೆ ಅವು ಆರೂ ಒಳ್ಳೆಯ ಕನ್ನಡ ವಾಕ್ಯಗಳು, ಪದಗಳು ಮಾತ್ರ ಇಂಗ್ಲಿಷು. ಅವಳು ಬಾಯಿಗೆ ಬಂದದ್ದು ಬರೆದಿಲ್ಲ. ಕನ್ನಡದಲ್ಲಿ ಸರಿ ಇರುವುದನ್ನೇ ಅಚ್ಚುಕಟ್ಟಾಗಿ ಅಲ್ಲಿಗೆ ಸಾಗಿಸಿದ್ದಾಳೆ. ಹಾಗಾಗಿ ತಪ್ಪುಗಳಿಗೂ ಒಂದು ಕ್ರಮ ಇದೆ. ಕ್ರಮ ಇರುವ ತಪ್ಪನ್ನು ತಿದ್ದುವುದು ಸುಲಭ.

ಎಲ್ಲದರ ಬೇರು ನಮ್ಮ 'ಆಡು' ಅನ್ನೋ ಕ್ರಿಯಾಪದದಲ್ಲಿದೆ. ನಾವು ಕ್ರಿಕೆಟ್ ಆಡುತ್ತೇವೆ, ಜೋಕಾಲಿ ಆಡುತ್ತೇವೆ, ನೀರಲ್ಲಿ ಆಡುತ್ತೇವೆ, ಗೊಂಬೆ ಇಟ್ಟುಕೊಂಡು ಆಡುತ್ತೇವೆ. ಅಷ್ಟೇ ಯಾಕೆ, ಮಾತೂ ಆಡುತ್ತೇವೆ, ಜಗಳಾನೂ ಆಡುತ್ತೇವೆ. ಇಂಗ್ಲಿಷಿನ 'ಪ್ಲೇ' ಇಷ್ಟು ಧಾರಾಳಿ ಅಲ್ಲ. ಮಕ್ಕಳ ಆಟದ ಮಟ್ಟಿಗೆ ಹೇಳುವುದಾದರೆ, 'ಪ್ಲೇ' ಪಕ್ಕದಲ್ಲಿ ನೇರವಾಗಿ ಬಂದು ಕೂರುವ ಹಕ್ಕು ಆಟದ ಹೆಸರಿಗೆ ಮಾತ್ರ. ಪ್ಲೇ ಕ್ರಿಕೆಟ್, ಪ್ಲೇ ಕಬಡ್ಡಿ, ಪ್ಲೇ ಚೆಸ್, ಪ್ಲೇ ಹೈಡ್ ಅಂಡ್ ಸೀಕ್. ನಡುವೆ 'ದ' ಕೂಡ ಬೇಡ. ಆಟದ ಹೆಸರಲ್ಲದೆ ಬೇರೆ ಏನೇ ಬಂದರೂ, ವಸ್ತು, ಜಾಗ, ಜೊತೆಗಾರ ಯಾರೇ ಆಗಲಿ, ನಡುವೆ ಒಂದು ಪ್ರಿಪೊಸಿಷನ್ ಬೇಕು, ಅಂದರೆ ನೀವು ಕೇಳಿದ 'ಇನ್', 'ಆನ್', 'ವಿತ್' ಥರದ ಪದ.

ಜೋಕಾಲಿ ಒಂದು ವಸ್ತು, ಆಟದ ಹೆಸರಲ್ಲ. ಅದಕ್ಕೇ 'ಪ್ಲೇಯಿಂಗ್ ಸ್ವಿಂಗ್' ನಿಲ್ಲುವುದಿಲ್ಲ, 'ಪ್ಲೇಯಿಂಗ್ ಆನ್ ದ ಸ್ವಿಂಗ್' ಆಗಬೇಕು. ಇದೇ ಕಾರಣಕ್ಕೆ ನಮ್ಮಲ್ಲಿ ದೊಡ್ಡವರೂ ಹೇಳುವ 'ಪ್ಲೇಯಿಂಗ್ ಕೇರಂ ಬೋರ್ಡ್' ಕೂಡ ತಪ್ಪು. ಆಟದ ಹೆಸರು ಕೇರಂ, ಬೋರ್ಡು ಅನ್ನೋದು ಹಲಗೆ. 'ಪ್ಲೇಯಿಂಗ್ ಕೇರಂ' ಅಂದರೆ ಮುಗಿಯಿತು. ಫುಟ್‌ಬಾಲ್ ಅನ್ನೋ ಪದ ಆಟಕ್ಕೂ ಹೆಸರು, ಚೆಂಡಿಗೂ ಹೆಸರು. ಅಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 'ಹಿ ಈಸ್ ಪ್ಲೇಯಿಂಗ್ ಫುಟ್‌ಬಾಲ್' ಅಂದರೆ ತಂಡ, ಗೋಲು ಎಲ್ಲ ಇರುವ ಆಟ. 'ಹಿ ಈಸ್ ಪ್ಲೇಯಿಂಗ್ ವಿತ್ ಎ ಫುಟ್‌ಬಾಲ್' ಅಂದರೆ ಎರಡು ವರ್ಷದ ಮಗು ಅದನ್ನು ಉರುಳಿಸಿಕೊಂಡು ಕೂತಿದ್ದರೂ ಸಾಕು. ನಿಮ್ಮ ಮಗಳಿಗೆ ಈ ಒಂದು ಜೋಡಿ ಗಟ್ಟಿಯಾದರೆ ಅರ್ಧ ಕೆಲಸ ಆದ ಹಾಗೆ.

ಇನ್ನರ್ಧ ಏನಪ್ಪಾ ಅಂದರೆ, ಇಂಗ್ಲಿಷಿನವರಿಗೆ 'ಪ್ಲೇಯಿಂಗ್ ಆನ್ ದ ಸ್ವಿಂಗ್' ಕೂಡ ಸ್ವಲ್ಪ ಸಪ್ಪೆ. ಸರಿ, ಆದರೆ ಸಪ್ಪೆ. ಮೈ ಏನು ಮಾಡುತ್ತಿದೆ ಅಂತ ನೋಡಿ ಆ ಚಲನೆಗೇ ಕ್ರಿಯಾಪದ ಹುಡುಕುವುದು ಅವರ ರೂಢಿ. ಜೋಕಾಲಿಯಲ್ಲಿ ಕೂತವಳು 'ಸ್ವಿಂಗಿಂಗ್'. ಹಿಂದೆ ನಿಂತು ತೂಗುವವನು 'ಪುಷಿಂಗ್ ಹರ್ ಆನ್ ದ ಸ್ವಿಂಗ್'. ಇಲ್ಲಿ ಗಮನಿಸಿ: ನಾವು ಜೋಕಾಲಿಯನ್ನು ತೂಗುತ್ತೇವೆ, ಅವರು ಕೂತ ಮಗುವನ್ನು ತಳ್ಳುತ್ತಾರೆ. ತೊಟ್ಟಿಲು ತೂಗುವುದಕ್ಕೆ ಮಾತ್ರ ಬೇರೆ ಪದ, 'ರಾಕಿಂಗ್ ದ ಕ್ರೇಡಲ್'. ಜಾರುಬಂಡೆಯಲ್ಲಿ 'ಸ್ಲೈಡಿಂಗ್ ಡೌನ್' ಅಥವಾ 'ಗೋಯಿಂಗ್ ಡೌನ್ ದ ಸ್ಲೈಡ್'. ಜಾರುವ ದಿಕ್ಕು ಕೆಳಕ್ಕೆ, ಹಾಗಾಗಿ 'ಡೌನ್' ಬಂದೇ ಬರುತ್ತದೆ. ಕೆಲವು ತುಂಟರು ಜಾರುವ ಕಡೆಯಿಂದಲೇ ಹತ್ತುತ್ತಾರಲ್ಲ, ಅವರು 'ಕ್ಲೈಂಬಿಂಗ್ ಅಪ್ ದ ಸ್ಲೈಡ್'. ಸೀಸಾ ಮೇಲೆ ಕೂತವರು 'ಗೋಯಿಂಗ್ ಅಪ್ ಅಂಡ್ ಡೌನ್ ಆನ್ ದ ಸೀಸಾ'. ಕಬ್ಬಿಣದ ಸರಳಿಗೆ ಜೋತುಬಿದ್ದವನು 'ಹ್ಯಾಂಗಿಂಗ್ ಫ್ರಮ್ ದ ಬಾರ್'. ಹೆದರಿಕೊಂಡು ಗಟ್ಟಿಯಾಗಿ ಹಿಡಿದುಕೊಂಡಿದ್ದಾನೆ ಅಂತ ಹೇಳಬೇಕಾದರೆ 'ಹೋಲ್ಡಿಂಗ್ ಆನ್ ಟು ದ ಬಾರ್'. ಒಂದರಲ್ಲಿ ಮೈ ನೇತಾಡುವುದು ಮುಖ್ಯ, ಇನ್ನೊಂದರಲ್ಲಿ ಕೈಯ ಹಿಡಿತ ಮುಖ್ಯ.

ಹೋಂವರ್ಕಿಗೆ ಕೂತಾಗ ಅವಳಿಗೆ ಇಷ್ಟು ಹೇಳಿಕೊಡಿ: ಮೊದಲು 'ಇದಕ್ಕೆ ಆಟದ ಹೆಸರಿದೆಯಾ?' ಅಂತ ಕೇಳಿಕೋ. ಇದ್ದರೆ 'ಪ್ಲೇ' ಹಾಕಿ ಹೆಸರು ಬರಿ. ಇಲ್ಲದಿದ್ದರೆ 'ಪ್ಲೇ' ಮರೆತುಬಿಡು, ಕೈಕಾಲು ಏನು ಮಾಡುತ್ತಿದೆ ನೋಡು.

ಈಗ ಆ ಗಾಳಿಪಟ. 'ಲೀವಿಂಗ್ ಕೈಟ್' ನೋಡಿ ನನಗೆ ನಗು ಬಂತು, ಆದರೆ ತಪ್ಪು ಬಹಳ ಜಾಣತನದ್ದು. ಆಷಾಢದ ಗಾಳಿಗೆ ನಾವು ಗಾಳಿಪಟ ಬಿಡುತ್ತೇವೆ, ಮಳೆನೀರಿಗೆ ಕಾಗದದ ದೋಣಿ ಬಿಡುತ್ತೇವೆ, ಸೋಪುನೀರಿನ ಗುಳ್ಳೆ ಬಿಡುತ್ತೇವೆ, ದೀಪಾವಳಿಗೆ ರಾಕೆಟ್ ಬಿಡುತ್ತೇವೆ. ಒಂದೇ 'ಬಿಡು'. ಇಂಗ್ಲಿಷಿನಲ್ಲಿ ಇವು ನಾಲ್ಕಕ್ಕೂ ನಾಲ್ಕು ಕ್ರಿಯಾಪದ. ಗಾಳಿಪಟಕ್ಕೆ 'ಫ್ಲೈ', ದೋಣಿಗೆ 'ಫ್ಲೋಟ್' ಅಥವಾ 'ಸೇಲ್', ಗುಳ್ಳೆಗೆ 'ಬ್ಲೋ', ರಾಕೆಟ್ಟಿಗೆ 'ಲೆಟ್ ಆಫ್' ಅಥವಾ 'ಸೆಟ್ ಆಫ್'. 'ಲೀವ್' ಅಂದರೆ ಬಿಟ್ಟು ಹೊರಟುಹೋಗುವುದು. 'ಲೀವಿಂಗ್ ಎ ಕೈಟ್' ಅಂದರೆ ಆ ಹುಡುಗರು ಗಾಳಿಪಟವನ್ನು ಪಾರ್ಕಿನಲ್ಲೇ ಬಿಟ್ಟು ಮನೆಗೆ ಹೊರಟರು ಅಂತಾಯಿತು!

'ಬಿಡು' ಒಂದೇ ಅಲ್ಲ, 'ಹೊಡೆ', 'ಹಾಕು', 'ಓಡಿಸು' ಇವೂ ಇಂಥವೇ. ಸಿಕ್ಸ್ ಹೊಡೆದದ್ದು 'ಹಿಟ್ ಎ ಸಿಕ್ಸ್', ಅಲ್ಲಿ ಎರಡು ಭಾಷೆಗೂ ಹೊಂದುತ್ತದೆ. ಆದರೆ ಸಿಳ್ಳೆ ಹೊಡೆದರೆ ಬರೀ 'ವಿಸಲ್', ಈಜು ಹೊಡೆದರೆ ಬರೀ 'ಸ್ವಿಮ್', ಚಪ್ಪಾಳೆ ಹೊಡೆದರೆ ಬರೀ 'ಕ್ಲ್ಯಾಪ್'. ಲಾಗ ಹಾಕಿದರೆ 'ಡೂ ಎ ಸಾಮರ್‌ಸಾಲ್ಟ್'. ದಾಳ ಹಾಕಿದರೆ 'ಥ್ರೋ' ಅಥವಾ 'ರೋಲ್ ದ ಡೈಸ್', 'ಪುಟ್' ಅಲ್ಲ. ಸೈಕಲ್ ಓಡಿಸಿದರೆ 'ರೈಡ್', 'ಡ್ರೈವ್' ಅಲ್ಲ. ಕಾಲು ಎರಡೂ ಕಡೆ ಇಳಿಬಿಟ್ಟು ಕೂರುವ ಕುದುರೆ, ಸೈಕಲ್ಲು ಎಲ್ಲ 'ರೈಡ್'. ಹಳ್ಳಿಯ ಹುಡುಗರು ಕೋಲಿನಿಂದ ಹಳೇ ಟೈರ್ ಓಡಿಸುತ್ತಾರಲ್ಲ, ಅದು ಇವೆರಡೂ ಅಲ್ಲ, 'ರೋಲಿಂಗ್ ಎ ಟೈರ್ ವಿತ್ ಎ ಸ್ಟಿಕ್'. ಬುಗುರಿಗೆ 'ಸ್ಪಿನ್ನಿಂಗ್ ಎ ಟಾಪ್'. ಉಪ್ಪುಮೂಟೆ ಹೊತ್ತರೆ 'ಗಿವಿಂಗ್ ಹಿಮ್ ಎ ಪಿಗ್ಗಿಬ್ಯಾಕ್ ರೈಡ್'.

ಡಿಕ್ಷನರಿ ನೋಡಿ ಬರೆದರೆ ಸರಿಹೋಗುತ್ತೆ ಅಂದುಕೊಳ್ಳಬೇಡಿ. ಕುಂಟೆಬಿಲ್ಲೆ ಆಡುವ ಹುಡುಗಿ ಕುಂಟುತ್ತಿದ್ದಾಳೆ. 'ಕುಂಟು' ಅಂತ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಹುಡುಕಿದರೆ 'ಲಿಂಪ್' ಸಿಗುತ್ತದೆ. 'ಶಿ ಈಸ್ ಲಿಂಪಿಂಗ್' ಅಂತ ಬರೆದರೆ ಪಾಪ, ಆ ಹುಡುಗಿಯ ಕಾಲಿಗೆ ಪೆಟ್ಟಾಗಿದೆ ಅಂತ ಅರ್ಥ. ಆಟಕ್ಕಾಗಿ ಒಂಟಿ ಕಾಲಲ್ಲಿ ನೆಗೆಯುವುದು 'ಹಾಪ್'. ಈ ನೆಗೆತದ ಪದಗಳನ್ನು ಒಟ್ಟಿಗೇ ಕಲಿಸಿಬಿಡಿ, ಪದ ಹೇಳಿ ಅಂಗಳದಲ್ಲಿ ಮಾಡಿ ತೋರಿಸಲು ಹೇಳಿ. ಒಂದೇ ಕಾಲಲ್ಲಿ ನೆಗೆದರೆ 'ಹಾಪ್'. ಎರಡೂ ಕಾಲು ಎತ್ತಿ ಹಾರಿದರೆ 'ಜಂಪ್'. ಖುಷಿಯಲ್ಲಿ ಕುಪ್ಪಳಿಸುತ್ತಾ ಹೋದರೆ 'ಸ್ಕಿಪ್'. ಹಗ್ಗದಾಟಕ್ಕೂ 'ಸ್ಕಿಪ್' ಅಂತಲೇ ಹೆಸರು. 'ಪ್ಲೇಯಿಂಗ್ ಸ್ಕಿಪ್ಪಿಂಗ್' ಬೇಡ, 'ಶಿ ಈಸ್ ಸ್ಕಿಪ್ಪಿಂಗ್' ಅಂದರೆ ಕೈಯಲ್ಲಿ ಹಗ್ಗ ಇದೆ ಅಂತ ಚಿತ್ರವೇ ಹೇಳುತ್ತದೆ. ಅಮೆರಿಕದಲ್ಲಿ ಇದಕ್ಕೇ 'ಜಂಪಿಂಗ್ ರೋಪ್' ಅನ್ನುತ್ತಾರೆ.

ಪ್ರಿಪೊಸಿಷನ್ನಿಗೆ ಬರೋಣ. ಕಷ್ಟ ಜಾಸ್ತಿ ಇರುವುದು ಇಲ್ಲೇ. ನಮ್ಮ 'ಅಲ್ಲಿ' ಪ್ರತ್ಯಯ ಒಂದೇ ಹತ್ತು ಕೆಲಸ ಮಾಡುತ್ತದೆ. ಪಾರ್ಕಲ್ಲಿ, ಟೆರೇಸಲ್ಲಿ, ಮನೇಲಿ, ಮಳೇಲಿ, ಬೀಚಲ್ಲಿ. ಇಂಗ್ಲಿಷಿನವರು ಪ್ರತಿ ಸಲ ಒಂದು ಪ್ರಶ್ನೆ ಕೇಳುತ್ತಾರೆ: ಮಗು ಅದರ ಒಳಗಿದೆಯೋ, ಮೇಲಿದೆಯೋ? ಸುತ್ತ ಎಲ್ಲೆ ಇರುವುದು, ಸುತ್ತಿಕೊಳ್ಳುವುದು ಎಲ್ಲ 'ಇನ್': ಇನ್ ದ ಪಾರ್ಕ್, ಇನ್ ದ ಗಾರ್ಡನ್, ಇನ್ ದ ವಾಟರ್, ಇನ್ ದ ರೇನ್, ಇನ್ ದ ಶೇಡ್. ಹಾಸಿದಂತೆ ಚಪ್ಪಟೆಯಾಗಿರುವುದು 'ಆನ್': ಆನ್ ದ ಟೆರೇಸ್, ಆನ್ ದ ಬೀಚ್, ಆನ್ ದ ಫ್ಲೋರ್. ಹುಲ್ಲಿನ ಉದಾಹರಣೆ ನನಗೆ ತುಂಬ ಇಷ್ಟ. ಕತ್ತರಿಸಿದ ಗಿಡ್ಡ ಹುಲ್ಲಾದರೆ 'ಆನ್ ದ ಗ್ರಾಸ್'. ಮೊಣಕಾಲೆತ್ತರ ಬೆಳೆದಿದ್ದರೆ 'ಇನ್ ದ ಲಾಂಗ್ ಗ್ರಾಸ್'. ಹುಲ್ಲು ಅದೇ, ಮಗು ಮುಳುಗಿದೆಯೋ ಇಲ್ಲವೋ ಅನ್ನೋದರ ಮೇಲೆ ಪದ ಬದಲಾಗುತ್ತದೆ.

ಮರಕೋತಿ ಆಟವನ್ನೇ ತಗೊಳ್ಳಿ. ಹುಡುಗರು ಮರದ ಮೇಲೆ ಕೂತಿದ್ದಾರೆ ಅಂತ ನಾವು ಹೇಳುತ್ತೇವೆ. ಇಂಗ್ಲಿಷಿನಲ್ಲಿ ಅವರು 'ಇನ್ ದ ಟ್ರೀ', ಯಾಕಂದರೆ ಕೊಂಬೆ ಎಲೆಗಳ ನಡುವೆ ಇದ್ದಾರೆ. ಆದರೆ ಕೂತಿರುವ ಕೊಂಬೆ ಒಂದನ್ನೇ ಹೇಳಿದರೆ 'ಆನ್ ಎ ಬ್ರಾಂಚ್'. ಮರದಲ್ಲೇ ಬೆಳೆದ ಮಾವಿನಕಾಯಿ ಮಾತ್ರ 'ಆನ್ ದ ಟ್ರೀ'. ಹಣ್ಣಿಗೆ 'ಆನ್', ಹುಡುಗನಿಗೆ 'ಇನ್'.

ಇನ್ನು ಮೊದಲ ವಾಕ್ಯದ 'ಇನ್ ದ ಗ್ರೌಂಡ್'. ನಮ್ಮಲ್ಲಿ ಆಟದ ಮೈದಾನಕ್ಕೆ ಗ್ರೌಂಡು ಅಂತಲೇ ಹೆಸರು ಬಿದ್ದಿದೆ. ಮೈಸೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ 'ಗ್ರೌಂಡಲ್ಲಿ ಆಡ್ತಿದಾರೆ' ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ಬರೀ 'ಗ್ರೌಂಡ್' ಅಂದರೆ ನೆಲ. 'ಇನ್ ದ ಗ್ರೌಂಡ್' ಅಂದರೆ ನೆಲದೊಳಗೆ, ಮಣ್ಣಿನಡಿ. ಗೆಡ್ಡೆಗೆಣಸು ಇರುವ ಜಾಗ. 'ಇನ್ ದ ಪ್ಲೇಗ್ರೌಂಡ್' ಅಂತ ಪೂರ್ತಿ ಪದ ಬರೆಯಲಿ, ತೊಂದರೆ ಇಲ್ಲ. ಕ್ರಿಕೆಟ್ ಅಥವಾ ಫುಟ್‌ಬಾಲ್ ಮೈದಾನವಾದರೆ 'ಆನ್ ದ ಫೀಲ್ಡ್' ಕೂಡ ಆಗುತ್ತದೆ.

ಇಲ್ಲಿ ಒಂದು ಸಮಾಧಾನದ ಮಾತು. ಬ್ರಿಟನ್ನಿನವರು 'ಇನ್ ದ ಪ್ಲೇಗ್ರೌಂಡ್', 'ಇನ್ ದ ಸ್ಟ್ರೀಟ್' ಅಂದರೆ ಅಮೆರಿಕದವರು ಸಾಮಾನ್ಯವಾಗಿ 'ಆನ್ ದ ಪ್ಲೇಗ್ರೌಂಡ್', 'ಆನ್ ದ ಸ್ಟ್ರೀಟ್' ಅನ್ನುತ್ತಾರೆ. ಮರಳಿನ ಗುಂಡಿ ಬ್ರಿಟನ್ನಿನಲ್ಲಿ 'ಸ್ಯಾಂಡ್‌ಪಿಟ್', ಅಮೆರಿಕದಲ್ಲಿ 'ಸ್ಯಾಂಡ್‌ಬಾಕ್ಸ್'. ತಂಡಕ್ಕೆ ಒಬ್ಬರು 'ಇನ್ ದ ಟೀಮ್', ಇನ್ನೊಬ್ಬರು 'ಆನ್ ದ ಟೀಮ್'. ಮಗಳು ಅಮೆರಿಕದ ಕಾರ್ಟೂನ್ ನೋಡಿ ಕಲಿತು 'ಆನ್ ದ ಪ್ಲೇಗ್ರೌಂಡ್' ಬರೆದರೆ ಅದು ತಪ್ಪಲ್ಲ. ಕೆಂಪು ಗೆರೆ ಬಿದ್ದರೆ ನೀವು ಹೋಗಿ ಮೆಲ್ಲಗೆ ಹೇಳಬಹುದು. ಆದರೆ ನಮ್ಮ ಶಾಲೆಗಳ ಇಂಗ್ಲಿಷು ಬ್ರಿಟಿಷ್ ಜಾಡಿನದು, ಹಾಗಾಗಿ ಪರೀಕ್ಷೆಗೆ 'ಇನ್' ಅಭ್ಯಾಸ ಮಾಡಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

'ಟು' ಮತ್ತು 'ಅಟ್' ನಡುವಿನ ವ್ಯತ್ಯಾಸ ಮಾತ್ರ ಎಲ್ಲ ದೇಶದಲ್ಲೂ ಒಂದೇ, ಮತ್ತು ಅದು ತಪ್ಪಿದರೆ ಅರ್ಥವೇ ತಿರುಗಿಬೀಳುತ್ತದೆ. 'ಹಿ ಥ್ರೂ ದ ಬಾಲ್ ಟು ಮಿ' ಅಂದರೆ ನಾನು ಹಿಡಿಯಲಿ ಅಂತ ಎಸೆದ. 'ಹಿ ಥ್ರೂ ದ ಬಾಲ್ ಅಟ್ ಮಿ' ಅಂದರೆ ನನಗೆ ತಾಗಲಿ ಅಂತ ಎಸೆದ. ಕನ್ನಡದಲ್ಲಿ 'ನನಗೆ ಎಸೆದ', 'ನನ್ನ ಮೇಲೆ ಎಸೆದ' ಅಂತ ಬೇರೆ ಮಾಡುತ್ತೇವಲ್ಲ, ಅದೇ. ತೊಂದರೆ ಎಲ್ಲಿ ಅಂದರೆ, 'ಮೇಲೆ' ಅನ್ನೋದನ್ನು ಮಕ್ಕಳು 'ಆನ್' ಮಾಡಿಬಿಡುತ್ತಾರೆ: 'ಹಿ ಥ್ರೂ ಎ ಸ್ಟೋನ್ ಆನ್ ಮಿ'. ಗುರಿ ಇಟ್ಟು ಎಸೆದ ಯಾವುದಕ್ಕೂ 'ಅಟ್'. ಹೋಳಿ ದಿನ ಬಣ್ಣದ ನೀರು ಮೈಯೆಲ್ಲ ತೋಯುವ ಹಾಗೆ ಸುರಿದರೆ ಆಗ 'ಓವರ್' ಅಥವಾ 'ಆನ್' ಬರುತ್ತದೆ, ಯಾಕಂದರೆ ಅದು ನಿಜಕ್ಕೂ ಮೈಮೇಲೆ ಹರಡುತ್ತದೆ. ಕೂಗುವುದಕ್ಕೂ ಇದೇ ನ್ಯಾಯ. ದೂರದ ಗೆಳೆಯನಿಗೆ ಕೇಳಲಿ ಅಂತ ಕೂಗಿದರೆ 'ಶೌಟ್ ಟು', ಬೈದರೆ 'ಶೌಟ್ ಅಟ್'.

ನಾಯಿಯ ವಾಕ್ಯ ಸಣ್ಣದು, ಬೇಗ ಮುಗಿಸುತ್ತೇನೆ. 'ಬಿಹೈಂಡ್' ಹಿಂದೆ ಇರುವ ಜಾಗವನ್ನು ಹೇಳುತ್ತದೆ. ಹಿಡಿಯಲು ಹಿಂದೆ ಬಿದ್ದಿದ್ದರೆ 'ರನ್ನಿಂಗ್ ಆಫ್ಟರ್', ಅಥವಾ ಒಂದೇ ಪದದಲ್ಲಿ 'ಚೇಸಿಂಗ್'. 'ಎ ಡಾಗ್ ಈಸ್ ಚೇಸಿಂಗ್ ಎ ಬಾಯ್'.

ಬೀಳದೆ ಆಡುವ ಮಗು ಇಲ್ಲ, ಹಾಗಾಗಿ ಬೀಳುವುದನ್ನೂ ಸೇರಿಸುತ್ತೇನೆ. ನಮಗೆ ಮರ, ಸೈಕಲ್, ಗೋಡೆ ಎಲ್ಲದಕ್ಕೂ 'ಇಂದ' ಒಂದೇ ಸಾಕು. ಅದನ್ನು ಮಕ್ಕಳು ಎಲ್ಲ ಕಡೆ 'ಫ್ರಮ್' ಮಾಡುತ್ತಾರೆ. ಯಾವುದರ ಮೇಲೆ ಕೂತಿದ್ದನೋ ಅದರಿಂದ ಬಿದ್ದರೆ 'ಆಫ್', ಎರಡು ಎಫ್ ಇರುವ ಆಫ್: ಫೆಲ್ ಆಫ್ ದ ಸ್ವಿಂಗ್, ಫೆಲ್ ಆಫ್ ಹಿಸ್ ಬೈಸಿಕಲ್, ಫೆಲ್ ಆಫ್ ದ ವಾಲ್. ಯಾವುದರ ಒಳಗಿದ್ದನೋ ಅದರಿಂದ ಬಿದ್ದರೆ 'ಔಟ್ ಆವ್': ಫೆಲ್ ಔಟ್ ಆವ್ ದ ಟ್ರೀ. ಹುಡುಗ 'ಇನ್ ದ ಟ್ರೀ' ಇದ್ದ ಅಂದೆವಲ್ಲ, ಬಿದ್ದಾಗ ಆ ಲೆಕ್ಕವೇ ಮುಂದುವರಿಯುತ್ತದೆ. 'ಆನ್' ಇದ್ದವನು 'ಆಫ್', 'ಇನ್' ಇದ್ದವನು 'ಔಟ್ ಆವ್'. ಮೆಟ್ಟಿಲಲ್ಲಿ ಉರುಳಿದರೆ 'ಡೌನ್ ದ ಸ್ಟೆಪ್ಸ್', ನೀರಿಗೆ ಬಿದ್ದರೆ 'ಇನ್‌ಟು', ಕಾಲು ಎಡವಿ ಅಲ್ಲೇ ಬಿದ್ದರೆ 'ಫೆಲ್ ಓವರ್'. 'ಆಡ್ತಾ ಆಡ್ತಾ ಬಿದ್ದ' ಅನ್ನೋದನ್ನು 'ಪ್ಲೇಯಿಂಗ್ ಪ್ಲೇಯಿಂಗ್ ಹಿ ಫೆಲ್' ಅಂತ ಬರೆದ ಹಾಳೆಗಳು ಬೇಕಾದಷ್ಟು ಬರುತ್ತವೆ. ಕೇಳಲು ಚೆನ್ನಾಗಿದೆ, ಆದರೆ ಮಾರ್ಕ್ಸು ಸಿಗುವುದು 'ಹಿ ಫೆಲ್ ವೈಲ್ ಪ್ಲೇಯಿಂಗ್' ಅಂದರೆ.

ಸವಾರಿ ಮಾಡುವ ಆಟಗಳಿಗೂ 'ಇನ್', 'ಆನ್' ಪ್ರಶ್ನೆ ಬರುತ್ತದೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನದಲ್ಲಿ ಪುಟಾಣಿ ರೈಲಿದೆ ಅಲ್ವಾ? ಅದರಲ್ಲಿ ಕೂತ ಮಕ್ಕಳು 'ಆನ್ ದ ಟಾಯ್ ಟ್ರೇನ್'. ರೈಲು, ಬಸ್ಸು, ಹಡಗು ದೊಡ್ಡದಿರಲಿ ಆಟದ್ದಿರಲಿ, 'ಆನ್'. ಆದರೆ ಪೆಡಲ್ ತುಳಿಯುವ ಆಟದ ಕಾರಾದರೆ 'ಇನ್ ಎ ಟಾಯ್ ಕಾರ್'. ಮೂರು ಚಕ್ರದ ಸೈಕಲ್ಲಿಗೆ ಮತ್ತೆ 'ಆನ್'.

ಸೋಲು ಗೆಲುವಿನಲ್ಲಿ ಒಂದು ತಪ್ಪು ಎಲ್ಲ ಕಡೆ ಕಾಣುತ್ತದೆ: 'ವಿ ವನ್ ದೆಮ್'. ಅವರನ್ನು ಗೆದ್ವಿ ಅಂತ ನಾವು ಹೇಳುತ್ತೇವಲ್ಲ, ಅದರ ನೇರ ನಕಲು. ಇಂಗ್ಲಿಷಿನಲ್ಲಿ ಗೆಲ್ಲುವುದು ಪಂದ್ಯವನ್ನು, ಕಪ್ಪನ್ನು, ಬಹುಮಾನವನ್ನು. ಎದುರಾಳಿಯನ್ನಾದರೆ 'ಬೀಟ್'. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ಪುರುಷರ ಫೈನಲ್ಲಿನಲ್ಲೂ ಮಹಿಳೆಯರ ಫೈನಲ್ಲಿನಲ್ಲೂ ಎದುರಾಳಿ ನೇಪಾಳ, ಎರಡೂ ಗೆದ್ದದ್ದು ಭಾರತ. ಅದನ್ನೇ ಮಗಳಿಗೆ ಕೊಟ್ಟು ಮೂರು ಥರ ಬರೆಸಿ: 'ಇಂಡಿಯಾ ವನ್ ದ ಕಪ್', 'ಇಂಡಿಯಾ ಬೀಟ್ ನೇಪಾಳ್', 'ನೇಪಾಳ್ ಲಾಸ್ಟ್ ಟು ಇಂಡಿಯಾ'. ಸೋತದ್ದು ಯಾರಿಗೆ ಅನ್ನೋದಕ್ಕೆ 'ಟು' ಅನ್ನೋದನ್ನೂ ಗಮನಿಸಲಿ. ಎದುರು ತಂಡದ ವಿರುದ್ಧ ಆಡಿದರೆ 'ಪ್ಲೇ ಅಗೇನ್ಸ್ಟ್', ತನ್ನ ತಂಡದ ಪರ ಆಡಿದರೆ 'ಪ್ಲೇ ಫಾರ್'. ಹಾಗೇ 'ನೌ ಮೈ ಚಾನ್ಸ್' ಅಂತ ನಮ್ಮ ಮಕ್ಕಳು ಬ್ಯಾಟು ಕಿತ್ತುಕೊಳ್ಳುತ್ತಾರೆ. ಸರದಿಗೆ 'ಟರ್ನ್': 'ಇಟ್ಸ್ ಮೈ ಟರ್ನ್ ಟು ಬ್ಯಾಟ್'.

ಅಡುಗೆ ಆಟ, ಟೀಚರ್ ಆಟ, ಡಾಕ್ಟರ್ ಆಟ ಇವು ಸ್ವಲ್ಪ ಬೇರೆ. 'ಪ್ರಿಟೆಂಡಿಂಗ್ ಟು ಬಿ ಎ ಡಾಕ್ಟರ್' ಎಲ್ಲಿಯೂ ನಡೆಯುತ್ತದೆ, ಅದನ್ನೇ ಕಲಿಸಿ. ಬ್ರಿಟನ್ನಿನಲ್ಲಿ 'ಪ್ಲೇಯಿಂಗ್ ಅಟ್ ಬೀಯಿಂಗ್ ಡಾಕ್ಟರ್ಸ್' ಅಂತಲೂ ಹೇಳುತ್ತಾರೆ. ಈ 'ಪ್ಲೇ ಅಟ್' ಮಕ್ಕಳಿಗೆ ಮುದ್ದಾಗಿದೆ, ದೊಡ್ಡವರಿಗೆ ಬಳಸಿದರೆ ಕುಟುಕು. 'ಹಿ ಈಸ್ ಪ್ಲೇಯಿಂಗ್ ಅಟ್ ಫಾರ್ಮಿಂಗ್' ಅಂದರೆ ಆ ಮನುಷ್ಯ ಸುಮ್ನೆ ಶೋಕಿಗೆ ಬೇಸಾಯ ಮಾಡುತ್ತಿದ್ದಾನೆ ಅಂತ. ಶಾಲೆಯ ನಾಟಕದಲ್ಲಿ ಮಗಳು ಕಿತ್ತೂರು ಚೆನ್ನಮ್ಮನ ಪಾತ್ರ ಮಾಡಿದರೆ 'ಶಿ ಪ್ಲೇಡ್ ಚೆನ್ನಮ್ಮ'. ಮಕ್ಕಳ ಆಟ ಬಿಟ್ಟರೆ 'ಪ್ಲೇ' ಪಕ್ಕ ನೇರವಾಗಿ ಬರುವುದು ಇಂಥ ಪಾತ್ರ, ಮತ್ತೆ ವಾದ್ಯ: 'ಪ್ಲೇ ದ ಫ್ಲೂಟ್', ಅದಕ್ಕೆ ಸಾಮಾನ್ಯವಾಗಿ 'ದ' ಬೇಕು. ಫ್ಯಾನ್ಸಿ ಡ್ರೆಸ್ಸಿಗೆ ವೇಷ ಹಾಕಿದ್ದರೆ 'ಡ್ರೆಸ್ಡ್ ಆಸ್ ಚೆನ್ನಮ್ಮ'. 'ಮಗುವನ್ನು ಆಡಿಸ್ತಿದಾಳೆ' ಅನ್ನೋದನ್ನು 'ಶಿ ಈಸ್ ಪ್ಲೇಯಿಂಗ್ ದ ಬೇಬಿ' ಮಾಡಿದರೆ ನಾಟಕದಲ್ಲಿ ಮಗುವಿನ ಪಾತ್ರ ಮಾಡುತ್ತಿದ್ದಾಳೆ ಅಂತಾಗುತ್ತದೆ. 'ಪ್ಲೇಯಿಂಗ್ ವಿತ್ ದ ಬೇಬಿ' ಸರಿ.

ಕೊನೆಯ ವಾಕ್ಯ 'ಆಲ್ ಆರ್ ಎಂಜಾಯಿಂಗ್'. ಚಿತ್ರ ನೋಡಿ ಬರೆಯುವ ಪ್ರಶ್ನೆಗೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಮಂಗಳ ಹಾಡುವುದೇ ಈ ವಾಕ್ಯದಿಂದ. 'ಎಂಜಾಯ್' ಒಂಟಿಯಾಗಿ ನಿಲ್ಲುವುದಿಲ್ಲ, ಏನನ್ನು ಅಂತ ಹೇಳಬೇಕು. ಹೇಳಲು ಏನೂ ಇಲ್ಲದಿದ್ದರೆ 'ದೆಮ್‌ಸೆಲ್ವ್ಸ್' ಸೇರಿಸಬೇಕು. ಸುಲಭದ ದಾರಿ 'ದೇ ಆರ್ ಹ್ಯಾವಿಂಗ್ ಫನ್'. 'ಮೇಕಿಂಗ್ ಫನ್' ಅಂತ ಮಾತ್ರ ಬೇಡ, ಅದರ ಹಿಂದೆ 'ಆವ್' ಬಂದರೆ ಗೇಲಿ ಮಾಡುವುದು ಅಂತ ಅರ್ಥ.

ಈಗ ಅವಳ ಆರು ವಾಕ್ಯ ಹೀಗೆ ನಿಲ್ಲುತ್ತವೆ: 'ಸಮ್ ಚಿಲ್ಡ್ರನ್ ಆರ್ ಪ್ಲೇಯಿಂಗ್ ಇನ್ ದ ಪಾರ್ಕ್. ಎ ಗರ್ಲ್ ಈಸ್ ಸಿಟ್ಟಿಂಗ್ ಆನ್ ದ ಸ್ವಿಂಗ್, ಅಂಡ್ ಹರ್ ಫ್ರೆಂಡ್ ಈಸ್ ಪುಷಿಂಗ್ ಹರ್. ಎ ಬಾಯ್ ಈಸ್ ಗೋಯಿಂಗ್ ಡೌನ್ ದ ಸ್ಲೈಡ್. ಟೂ ಬಾಯ್ಸ್ ಆರ್ ಫ್ಲೈಯಿಂಗ್ ಎ ಕೈಟ್. ಎ ಡಾಗ್ ಈಸ್ ರನ್ನಿಂಗ್ ಆಫ್ಟರ್ ಎ ಬಾಯ್. ದೇ ಆರ್ ಆಲ್ ಹ್ಯಾವಿಂಗ್ ಫನ್.' ಎರಡನೇ ವಾಕ್ಯಕ್ಕೆ ಗೆಳತಿಯನ್ನು ನಾನೇ ಸೇರಿಸಿದ್ದೇನೆ, ಚಿತ್ರದಲ್ಲಿ ಇಲ್ಲದಿದ್ದರೆ ತೆಗೆದುಬಿಡಿ. ನಾಯಿ ಅಟ್ಟಿಸಿಕೊಂಡು ಬರುತ್ತಿರುವ ಹುಡುಗನೂ ಖುಷಿಯಲ್ಲಿದ್ದಾನೋ ಇಲ್ಲವೋ, ಅದನ್ನೂ ಚಿತ್ರ ನೋಡಿಯೇ ಹೇಳಬೇಕು.

ಅಭ್ಯಾಸಕ್ಕೆ ಗೈಡು ಕೊಳ್ಳಬೇಡಿ. ಅದಕ್ಕಿಂತ ಒಳ್ಳೆಯ ಚಿತ್ರ ಮೊಬೈಲಿನಲ್ಲೇ ಸಿಗುತ್ತದೆ. ಪೀಟರ್ ಬ್ರೂಗಲ್ ಅನ್ನೋ ಕಲಾವಿದ 1560ರಲ್ಲಿ ಮಕ್ಕಳ ಆಟಗಳದ್ದೇ ಒಂದು ದೊಡ್ಡ ಚಿತ್ರ ಬರೆದ. ಈಗ ಅದು ವಿಯೆನ್ನಾದ ಮ್ಯೂಸಿಯಮ್ಮಿನಲ್ಲಿದೆ. ಒಂದೇ ಚಿತ್ರದಲ್ಲಿ 200ಕ್ಕೂ ಹೆಚ್ಚು ಮಕ್ಕಳು, 80ರಷ್ಟು ಆಟಗಳು. ಚಿತ್ರವನ್ನು ದೊಡ್ಡದು ಮಾಡಿ ಒಂದೊಂದೇ ಮೂಲೆ ತೋರಿಸಿ, 'ಏನು ಮಾಡ್ತಿದಾರೆ?' ಅಂತ ಕೇಳಿ. ಕೋಲು ಹಿಡಿದು ಬಳೆಯಂಥ ಚಕ್ರ ಓಡಿಸುವವರಿದ್ದಾರೆ, ರೋಲಿಂಗ್ ಹೂಪ್ಸ್. ಮರಗಾಲಿನ ಮೇಲೆ ನಡೆಯುವವರು, ವಾಕಿಂಗ್ ಆನ್ ಸ್ಟಿಲ್ಟ್ಸ್. ಬಗ್ಗಿದವರ ಬೆನ್ನ ಮೇಲಿಂದ ಹಾರುವವರು, ಪ್ಲೇಯಿಂಗ್ ಲೀಪ್‌ಫ್ರಾಗ್. ತಲೆ ಕೆಳಗೆ ಮಾಡಿ ನಿಂತವರು, ಸ್ಟ್ಯಾಂಡಿಂಗ್ ಆನ್ ದೇರ್ ಹೆಡ್ಸ್. ಮೂಲೆಯಲ್ಲಿ ಇಬ್ಬರು ನಮ್ಮ ಕಲ್ಲಾಟದ ಹಾಗೇ ಸಣ್ಣ ಮೂಳೆ ತೂರಿ ಹಿಡಿಯುವ ಆಟದಲ್ಲಿದ್ದಾರೆ, ಪ್ಲೇಯಿಂಗ್ ನಕಲ್‌ಬೋನ್ಸ್. ಮಗಳಿಗೆ ಯಾವುದು 'ಪ್ಲೇಯಿಂಗ್', ಯಾವುದು ಬೇರೆ ಅಂತ ತಾನಾಗಿಯೇ ಹೊಳೆಯಲು ಶುರುವಾಗುತ್ತದೆ.

ಉಳಿದದ್ದು ನಮ್ಮ ಆಟಗಳ ಹೆಸರು. ಕುಂಟೆಬಿಲ್ಲೆಗೆ ಇಂಗ್ಲಿಷಿನಲ್ಲೇ ಜೋಡಿ ಇದೆ, 'ಹಾಪ್‌ಸ್ಕಾಚ್'. ಕಣ್ಣಾಮುಚ್ಚಾಲೆಗೆ 'ಹೈಡ್ ಅಂಡ್ ಸೀಕ್', ಕಣ್ಣಿಗೆ ಬಟ್ಟೆ ಕಟ್ಟಿ ಆಡಿದರೆ 'ಬ್ಲೈಂಡ್ ಮ್ಯಾನ್ಸ್ ಬಫ್'. ಜೂಟಾಟಕ್ಕೆ 'ಟ್ಯಾಗ್', ಬ್ರಿಟನ್ನಿನ ಕೆಲವು ಕಡೆ 'ಟಿಗ್'. ಹಿಡಿಯುವ ಸರದಿ ಬಂದವನಿಗೆ ನಮ್ಮ ಪೇಟೆ ಮಕ್ಕಳು 'ಡೆನ್' ಅಂತಾರಲ್ಲ, ಅದು ಭಾರತದ ಇಂಗ್ಲಿಷು. ಹೊರಗಡೆ ಅವನು 'ಇಟ್'. 'ಯೂ ಆರ್ ಇಟ್!' ಅಂತ ಕೂಗುತ್ತಾರೆ. ಬ್ರಿಟನ್ನಿನ ಮಕ್ಕಳಿಗೆ 'ಡೆನ್' ಅಂದರೆ ಮುಟ್ಟಬಾರದ ಸುರಕ್ಷಿತ ಜಾಗ, ಪೂರ್ತಿ ತಿರುಗುಮುರುಗು. ಸಂಬಂಧಿಕರ ಮಕ್ಕಳು ಲಂಡನ್ನಿನಿಂದ ರಜಕ್ಕೆ ಬಂದರೆ ಆಟ ಶುರುವಾಗುವ ಮುಂಚೆ ಇದೊಂದನ್ನು ಮಾತಾಡಿಕೊಳ್ಳಲಿ.

ಲ‌ಗೋರಿ, ಚಿನ್ನಿದಾಂಡು, ಚೌಕಾಬಾರ, ಅಳಗುಳಿಮಣೆ ಇವುಗಳಿಗೆ ಅನುವಾದ ಹುಡುಕಬೇಡಿ. ಕಬಡ್ಡಿ, ಖೋಖೋ ಹೇಗೆ ಹಾಗೇ ಇಂಗ್ಲಿಷಿಗೆ ಹೋದವೋ ಇವೂ ಹಾಗೇ ಹೋಗಲಿ. ಆಟದ ಹೆಸರಾದ್ದರಿಂದ 'ಪ್ಲೇ' ಪಕ್ಕ ನೇರವಾಗಿ ಕೂರುತ್ತವೆ: 'ದೇ ಆರ್ ಪ್ಲೇಯಿಂಗ್ ಲಗೋರಿ'. ಓದುವವರಿಗೆ ಗೊತ್ತಿರದು ಅನ್ನಿಸಿದರೆ ಆಟವನ್ನೇ ಎರಡು ವಾಕ್ಯದಲ್ಲಿ ವಿವರಿಸಲಿ. ಲಗೋರಿಯಲ್ಲಂತೂ ಮೇಲೆ ಹೇಳಿದ ಪ್ರಿಪೊಸಿಷನ್ನುಗಳು ಸಾಲಾಗಿ ಬರುತ್ತವೆ. ಒಬ್ಬ ಕಲ್ಲಿನ ಗುಡ್ಡೆಗೆ ಗುರಿ ಇಟ್ಟು ಚೆಂಡೆಸೆಯುತ್ತಾನೆ, 'ಥ್ರೋಸ್ ದ ಬಾಲ್ ಅಟ್ ಎ ಪೈಲ್ ಆವ್ ಸ್ಟೋನ್ಸ್'. ಗುಡ್ಡೆ ಬಿತ್ತು ಅಂದರೆ 'ನಾಕ್ಸ್ ಇಟ್ ಡೌನ್'. ಅವನ ಕಡೆಯವರು ಕಲ್ಲುಗಳನ್ನು ಮತ್ತೆ ಒಂದರ ಮೇಲೊಂದು ಜೋಡಿಸಬೇಕು, 'ಪೈಲ್ ದ ಸ್ಟೋನ್ಸ್ ಅಪ್ ಅಗೇನ್'. ಎದುರು ಕಡೆಯವರು ಚೆಂಡನ್ನು ಒಬ್ಬರಿಗೊಬ್ಬರು ದಾಟಿಸುತ್ತಾ, 'ಥ್ರೋಯಿಂಗ್ ದ ಬಾಲ್ ಟು ಈಚ್ ಅದರ್', ಜೋಡಿಸುವವರಿಗೆ ಹೊಡೆಯಲು ನೋಡುತ್ತಾರೆ, 'ಟ್ರೈ ಟು ಹಿಟ್ ದೆಮ್ ವಿತ್ ದ ಬಾಲ್'. ಏಟು ಬಿದ್ದರೆ ಔಟ್. ಆ ಪದ ಎರಡು ಭಾಷೆಯಲ್ಲೂ ಒಂದೇ, ಪ್ರಿಪೊಸಿಷನ್ನಿನ ಹಂಗೂ ಇಲ್ಲ: 'ಯೂ ಆರ್ ಔಟ್!'